ಆಟಿಕೆ ರೈಲಿಗೆ ಕೂಗು ಕೊಟ್ಟ ಕೋವನ್

ಆಟಿಕೆ ರೈಲಿನ ಎಂಜಿನ್ ಒಳಗೆ ಇಂದು ಅಂಚೆಚೀಟಿಯಷ್ಟಗಲದ ಎಲೆಕ್ಟ್ರಾನಿಕ್ ಹಲಗೆಯೊಂದು ಕುಳಿತಿರುತ್ತದೆ. ಕೋಣೆಯ ಇನ್ನೊಂದು ತುದಿಯಲ್ಲಿರುವವರು ಕೈಯಲ್ಲಿನ ಗುಂಡಿ ಒತ್ತಿದರೆ ಸಾಕು, ಎಂಜಿನ್ ಹೊರಡುತ್ತದೆ, ನಿಲ್ಲುತ್ತದೆ, ಹಿಂದಕ್ಕೆ ಸರಿಯುತ್ತದೆ. ಉಗಿಬಂಡಿಯ ಏದುಸಿರನ್ನೂ ದೂರದಿಂದ ಕೇಳಿಬರುವ ಕೂಗನ್ನೂ ಯಥಾವತ್ತಾಗಿ ಹೊರಡಿಸುತ್ತದೆ. ಇದೆಲ್ಲ ಕಂಪ್ಯೂಟರ್ ಯುಗದ ಕೊಡುಗೆ ಎಂದು ಭಾವಿಸುವವರೇ ಹೆಚ್ಚು. ಆದರೆ ಟ್ರಾನ್ಸಿಸ್ಟರ್ ಇನ್ನೂ ಹುಟ್ಟಿರದ 1946ರಲ್ಲೇ, ಹಳಿಯ ಮೂಲಕ ರೇಡಿಯೊ ಸಂಕೇತಗಳನ್ನು ಹರಿಸಿ ಆಟಿಕೆ ರೈಲನ್ನು ಆಳುವ ಸಾಹಸವೊಂದು ಅಮೆರಿಕದಲ್ಲಿ ನಡೆದಿತ್ತು. ಅಂದಿನ ಮಾರುಕಟ್ಟೆಯಲ್ಲಿ ಆ ಸಾಹಸ ಸೋತಿತು. ಅರ್ಧ ಶತಮಾನದ ಬಳಿಕ ಅದೇ ವಿಚಾರ ಗೆದ್ದಿತು. ಆ ಗೆಲುವನ್ನು ಕಾಣಲು ಅದನ್ನು ಮಾರುಕಟ್ಟೆಗೆ ತಂದ ಕಂಪನಿಯ ಸ್ಥಾಪಕ ಜೋಶುವಾ ಲಯೊನೆಲ್ ಕೋವನ್ ಬದುಕಿರಲಿಲ್ಲ.

ಅಮೆರಿಕದಲ್ಲಿ ಮೂರು ತಲೆಮಾರಿನ ಮಕ್ಕಳಿಗೆ ಲಯೊನೆಲ್ ಎಂಬುದು ಒಬ್ಬ ವ್ಯಕ್ತಿಯ ಹೆಸರಾಗಿರದೆ ರೈಲಿನ ಇನ್ನೊಂದು ಹೆಸರೇ ಆಗಿತ್ತು. ತನ್ನ ಹೆಸರಿನ ನಡುವಿನ ಪದವನ್ನು ಕಂಪನಿಗೆ ಇಟ್ಟ ಕೋವನ್, ಆಟಿಕೆಯ ವ್ಯಾಪಾರಿಯಾಗುವುದಕ್ಕೆ ಮುಂಚೆ ವಿದ್ಯುತ್ತಿನ ಮೋಹಿಯಾಗಿದ್ದ. ಆತನ ಬದುಕಿನ ಏಳುಬೀಳುಗಳಿಗೆಲ್ಲ ಈ ಮೋಹವೇ ಮೂಲ.

ವಲಸಿಗರ ಮನೆಯ ಹುಡುಗ

ಜೋಶುವಾ ಹುಟ್ಟಿದ್ದು 1877ರ ಆಗಸ್ಟ್ 25ರಂದು, ನ್ಯೂಯಾರ್ಕ್ ನಗರದಲ್ಲಿ. ಯುರೋಪಿನಿಂದ ವಲಸೆ ಬಂದಿದ್ದ ಯಹೂದಿ ದಂಪತಿಯ ಒಂಬತ್ತು ಮಕ್ಕಳಲ್ಲಿ ಆತ ಎಂಟನೆಯವನು. ತಂದೆಯದು ಟೋಪಿ ತಯಾರಿಕೆಯ ಕಸುಬು. ಕುಟುಂಬದ ಹೆಸರು ಕೋಹೆನ್. ಅದನ್ನು ಜೋಶುವಾ ಕೋವನ್ ಎಂದು ಬದಲಿಸಿಕೊಂಡಿದ್ದು 1910ರ ಸುಮಾರಿಗೆ, ಉದ್ಯಮಿಯಾಗಿ ನೆಲೆಯೂರಿದ ನಂತರ.

ಆತ ಐದು ವರ್ಷದ ಬಾಲಕನಾಗಿದ್ದಾಗ, 1882ರಲ್ಲಿ, ಅದೇ ನಗರದ ಪರ್ಲ್ ಬೀದಿಯಲ್ಲಿ ಥಾಮಸ್ ಎಡಿಸನ್ನನ ವಿದ್ಯುದಾಗಾರ ಕೆಲಸ ಆರಂಭಿಸಿತು. ಬೀದಿಯಿಂದ ಬೀದಿಗೆ ವಿದ್ಯುದ್ದೀಪ ಹಬ್ಬುತ್ತಿದ್ದ ಕಾಲದಲ್ಲಿ ಆತ ಬೆಳೆದ. ಏಳರ ವಯಸ್ಸಿನಲ್ಲಿ ಮರದ ಎಂಜಿನ್ ಒಂದನ್ನು ಕೆತ್ತಿ, ಅದರೊಳಗೆ ಪುಟ್ಟ ಉಗಿಯಂತ್ರ ಕೂಡಿಸಲು ಹೋಗಿ, ಅದು ಸಿಡಿದು ಅಡುಗೆಮನೆಯ ಗೋಡೆಗಳು ಹಾಳಾದವು ಎಂಬ ಕಥೆ ಆತನ ಕುರಿತ ಬರಹಗಳಲ್ಲೆಲ್ಲ ಬರುತ್ತದೆ. ಕಥೆಯಲ್ಲಿ ಬಣ್ಣ ಎಷ್ಟಿದೆಯೋ, ಕೈಯಾಡಿಸದೆ ಕೂರಲಾರದ ಸ್ವಭಾವವಂತೂ ನಿಜ. ನ್ಯೂಯಾರ್ಕಿನ ಸಿಟಿ ಕಾಲೇಜು, ಕೊಲಂಬಿಯಾ ವಿಶ್ವವಿದ್ಯಾಲಯಗಳ ಮೆಟ್ಟಿಲು ಹತ್ತಿದರೂ ಪದವಿ ಮುಗಿಸುವ ವ್ಯವಧಾನ ಆತನಿಗಿರಲಿಲ್ಲ. ಪುಸ್ತಕ ಬಿಟ್ಟು ಬ್ಯಾಟರಿ ಹಾಗೂ ವಿದ್ಯುದ್ದೀಪ ತಯಾರಿಸುವ ಕಾರ್ಖಾನೆಗಳಲ್ಲಿ ಕೆಲಸಕ್ಕೆ ಸೇರಿದ.

ಆ ಕಾಲದ ಛಾಯಾಗ್ರಾಹಕರು ಬೆಳಕಿಗಾಗಿ ಮೆಗ್ನೀಸಿಯಂ ಪುಡಿಯನ್ನು ಉರಿಸುತ್ತಿದ್ದರು. ಆ ಪುಡಿಗೆ ಬ್ಯಾಟರಿಯಿಂದ ಕಿಡಿ ಹೊತ್ತಿಸುವ ಉಪಕರಣವೊಂದನ್ನು ರೂಪಿಸಿ 1899ರಲ್ಲಿ ಕೋವನ್ ಪೇಟೆಂಟ್ ಪಡೆದ. ತಂತಿಯನ್ನು ಕಾಯಿಸಿ ದೂರದಿಂದ ಸಿಡಿಮದ್ದನ್ನು ಹೊತ್ತಿಸಬಲ್ಲ ಈ ವಿದ್ಯೆ ಅಮೆರಿಕದ ನೌಕಾಪಡೆಯ ಗಮನಕ್ಕೆ ಬಿತ್ತು. ಸಮುದ್ರದಲ್ಲಿ ಹುದುಗಿಸಿಡುವ 24,000 ಸ್ಫೋಟಕಗಳಿಗೆ ಸಿಡಿಗುಂಡಿ ತಯಾರಿಸಿಕೊಡುವ ಗುತ್ತಿಗೆ ಸಿಕ್ಕಿತು. ಅದರಿಂದ ಬಂದ 12,000 ಡಾಲರ್ ಇಪ್ಪತ್ತರ ಹರೆಯದ ತರುಣನಿಗೆ ಸಣ್ಣ ಮೊತ್ತವೇನಲ್ಲ. ಅದೇ ಮೂಲಧನವಾಯಿತು. 1900ರ ಸೆಪ್ಟೆಂಬರಿನಲ್ಲಿ ಹ್ಯಾರಿ ಗ್ರಾಂಟ್ ಎಂಬ ಗೆಳೆಯನೊಡನೆ ಮ್ಯಾನ್‌ಹಟನ್ನಿನ ಮರ್ರೆ ಬೀದಿಯಲ್ಲಿ ಲಯೊನೆಲ್ ಮ್ಯಾನುಫ್ಯಾಕ್ಚರಿಂಗ್ ಕಂಪನಿಯನ್ನು ತೆರೆದ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಒಂದೆಡೆ ಕುಳಿತು ತಂತಿಯ ಮೂಲಕ ಇನ್ನೊಂದೆಡೆ ಕೆಲಸ ಮಾಡಿಸುವುದು ಕೋವನ್ನನ ಮೊದಲ ಉಪಕರಣದಲ್ಲೇ ಇತ್ತು. ಮುಂದೆ ಸಿಡಿಮದ್ದು ಹೋಗಿ ರೈಲು ಬಂತು. ದೂರದಿಂದ ಆಜ್ಞೆ ಕೊಡುವ ಹಂಬಲ ಮಾತ್ರ ಬದಲಾಗಲಿಲ್ಲ.

ಅಂಗಡಿಯ ಕಿಟಕಿಯಿಂದ ಮನೆಯ ನೆಲಕ್ಕೆ

ಕಂಪನಿಯ ಆರಂಭದ ಸರಕುಗಳಲ್ಲಿ ಒಂದು ಚಿಕ್ಕ ವಿದ್ಯುತ್ ಫ್ಯಾನು. ಅದು ಅಷ್ಟಾಗಿ ಓಡಲಿಲ್ಲ, ಆದರೆ ಅದರ ಮೋಟಾರು ಉಳಿಯಿತು. ಅಂಗಡಿಗಳ ಗಾಜಿನ ಕಿಟಕಿಯಲ್ಲಿ ಸುಮ್ಮನೆ ಜೋಡಿಸಿಟ್ಟ ಸಾಮಾನುಗಳತ್ತ ದಾರಿಹೋಕರು ತಿರುಗಿ ನೋಡುವುದಿಲ್ಲ, ಚಲಿಸುವ ವಸ್ತುವಿನ ಮುಂದೆ ಮಾತ್ರ ನಿಲ್ಲುತ್ತಾರೆ ಎಂಬುದನ್ನು ಕೋವನ್ ಕಂಡುಕೊಂಡ. ಮೇಲ್ಭಾಗ ತೆರೆದ ಮರದ ಡಬ್ಬಿಯೊಂದಕ್ಕೆ ಚಕ್ರ ಹಾಗೂ ಮೋಟಾರು ಜೋಡಿಸಿ, ಲೋಹದ ಪಟ್ಟಿಗಳ ಹಳಿಯ ಮೇಲೆ ಬ್ಯಾಟರಿಯಿಂದ ಓಡಿಸಿದ. 'ಎಲೆಕ್ಟ್ರಿಕ್ ಎಕ್ಸ್‌ಪ್ರೆಸ್' ಎಂದು ಕರೆಸಿಕೊಂಡ ಈ ಬಂಡಿಯ ಕೆಲಸ ಅಂಗಡಿಯ ಸರಕನ್ನು ಹೊತ್ತು ಕಿಟಕಿಯಲ್ಲಿ ಸುತ್ತುವುದಷ್ಟೆ. ಅದು ಆಟಿಕೆ ಎಂಬ ಆಲೋಚನೆಯೇ ಇರಲಿಲ್ಲ.

ಆದರೆ ಗಿರಾಕಿಗಳು ಒಳಗಿದ್ದ ಸರಕನ್ನು ಬಿಟ್ಟು ಬಂಡಿಯನ್ನೇ ಕೇಳತೊಡಗಿದರು. 1901ರ ಹೊತ್ತಿಗೆ ಕೋವನ್‌ಗೆ ತನ್ನ ದಾರಿ ಸ್ಪಷ್ಟವಾಗಿತ್ತು. 1902ರಲ್ಲಿ ಕಂಪನಿ ಪಟ್ಟಿಯೊಂದನ್ನು ಅಚ್ಚು ಹಾಕಿಸಿ ಹಂಚಿತು. ಮುಂದೆ ಪ್ರತಿ ಕ್ರಿಸ್‌ಮಸ್‌ಗೆ ಮುನ್ನ ಹೊರಬರುತ್ತಿದ್ದ ಬಣ್ಣದ ಪಟ್ಟಿಗಳನ್ನು ಅಮೆರಿಕದ ಹುಡುಗರು ಹಾಳೆ ಸವೆಯುವವರೆಗೂ ತಿರುವಿಹಾಕುತ್ತಿದ್ದರು. ಇಟಲಿಯಿಂದ ವಲಸೆ ಬಂದಿದ್ದ ಮಾರಿಯೊ ಕರೂಸೊ ಕಂಪನಿಗೆ ಸೇರಿದ್ದೂ ಈ ಆರಂಭದ ವರ್ಷಗಳಲ್ಲೇ. ಕೋವನ್ ಕನಸು ಮಾರುವುದರಲ್ಲಿ ನಿಪುಣ. ಕಾರ್ಖಾನೆಯನ್ನು ಬಿಗಿಯಾಗಿ ನಡೆಸಿ ಆ ಕನಸನ್ನು ತಗಡಿನಲ್ಲೂ ತಾಮ್ರದ ತಂತಿಯಲ್ಲೂ ಎರಕ ಹೊಯ್ದವನು ಕರೂಸೊ. ಸೆಸೀಲಿಯಾ ಲಿಬರ್ಮನ್ ಎಂಬಾಕೆಯನ್ನು ಕೋವನ್ ಮದುವೆಯಾದದ್ದು 1904ರಲ್ಲಿ. ಲಾರೆನ್ಸ್ ಮತ್ತು ಇಸಾಬೆಲ್ ಅವರ ಇಬ್ಬರು ಮಕ್ಕಳು.

ಮೂರನೆಯ ಹಳಿ

ಆ ಕಾಲದ ಆಟಿಕೆ ರೈಲುಗಳಲ್ಲಿ ಹೆಚ್ಚಿನವು ಕೀಲಿ ಕೊಟ್ಟು ಓಡಿಸುವಂಥವು. ಮನೆಮನೆಗೆ ವಿದ್ಯುತ್ ಬಂದಿರದ ದಿನಗಳಲ್ಲಿ ವಿದ್ಯುತ್ ರೈಲಿಗೇ ಬದುಕನ್ನು ಒಡ್ಡಿದ್ದು ಕೋವನ್ ಮಾಡಿದ ದೊಡ್ಡ ಪಣ. 1906ರಲ್ಲಿ ಲಯೊನೆಲ್ ಮೂರು ಹಳಿಗಳ ಮಾರ್ಗವನ್ನು ತಂದಿತು. ಹೊರಗಿನ ಎರಡು ಹಳಿಗಳ ನಡುವಿನ ಅಂತರ ಎರಡೂ ಕಾಲಂಗುಲದಷ್ಟು ಎನ್ನುವುದಕ್ಕಿಂತ ಕೊಂಚ ಕಡಿಮೆ, ಎರಡು ಅಂಗುಲ ಮತ್ತು ಎಂಟನೇ ಒಂದು. ಇದಕ್ಕೆ 'ಸ್ಟ್ಯಾಂಡರ್ಡ್ ಗೇಜ್' ಎಂಬ ಹೆಸರನ್ನು ಕೋವನ್ ತಾನೇ ಇಟ್ಟ. ಬೇರೆ ಯಾವ ಕಂಪನಿಯ ಅಳತೆಗೂ ಹೊಂದದ ಹಳಿಗೆ ಪ್ರಮಾಣಬದ್ಧ ಎಂಬ ಹೆಸರು! ಉಳಿದವರದ್ದೆಲ್ಲ ಪ್ರಮಾಣ ತಪ್ಪಿದ ಸರಕು ಎಂಬ ಧ್ವನಿ ಅದರಲ್ಲೇ ಅಡಗಿತ್ತು. ಎದುರಾಳಿಗಳನ್ನು ಜಾಹೀರಾತಿನಲ್ಲಿ ಹೀಗಳೆಯುವುದರಲ್ಲಿ ಆತ ಹಿಂಜರಿದವನೇ ಅಲ್ಲ.

ನಡುವಿನ ಹಳಿಯಲ್ಲಿ ವಿದ್ಯುತ್ ಬರುತ್ತದೆ, ಹೊರಗಿನ ಹಳಿಗಳ ಮೂಲಕ ಹಿಂದಿರುಗುತ್ತದೆ. ನಿಜವಾದ ರೈಲಿನಂತೆ ಎರಡೇ ಹಳಿಗಳಿದ್ದರೆ ಮಾರ್ಗವು ಸುತ್ತಿ ಬಂದು ತನ್ನನ್ನೇ ಕೂಡುವ ಕಡೆ ಎರಡು ಹಳಿಗಳ ವಿದ್ಯುತ್ ಪರಸ್ಪರ ತಾಗಿ ಶಾರ್ಟ್ ಆಗುತ್ತದೆ. ಮೂರು ಹಳಿಗಳಿದ್ದರೆ ಆ ತೊಂದರೆಯಿಲ್ಲ. ಮಗು ಹೇಗೆ ಜೋಡಿಸಿದರೂ ರೈಲು ಓಡುತ್ತದೆ. ನೋಟದ ಸಹಜತೆಯನ್ನು ಬಿಟ್ಟುಕೊಟ್ಟು ಆಟದ ಸಲೀಸನ್ನು ಆರಿಸಿಕೊಂಡ ಈ ತೀರ್ಮಾನ ಲಯೊನೆಲ್ಲಿನ ಗುರುತಾಗಿ ಉಳಿಯಿತು. 1915ರಲ್ಲಿ ಬಂದ, ಚಿಕ್ಕ ಮನೆಗಳಿಗೂ ಹೊಂದುವ 'ಓ ಗೇಜ್' ರೈಲುಗಳಲ್ಲೂ ಅದೇ ಮೂರು ಹಳಿ.

ಆದರೆ ಈ ಹಳಿಗಳಲ್ಲಿ ಎಂಜಿನ್‌ಗೆ ತಲುಪುತ್ತಿದ್ದುದು ಒಂದೇ ಸಂದೇಶ. ವಿದ್ಯುತ್ ಹೆಚ್ಚಿಸಿದರೆ ವೇಗ, ಇಳಿಸಿದರೆ ನಿಧಾನ, ತೆಗೆದರೆ ನಿಲುಗಡೆ. ಹಿಂದಕ್ಕೆ ಓಡಿಸಬೇಕೆಂದರೆ ಹುಡುಗ ಎದ್ದುಹೋಗಿ ಎಂಜಿನ್ನಿನ ಸನ್ನೆಯನ್ನು ಕೈಯಿಂದ ತಿರುಗಿಸಬೇಕಿತ್ತು. ಈ ಕೊರತೆಗೆ ಒಳ್ಳೆಯ ಪರಿಹಾರ ಹೊಳೆದಿದ್ದು ಎದುರಾಳಿಯಾದ ಐವ್ಸ್ ಕಂಪನಿಗೆ. ವಿದ್ಯುತ್ತನ್ನು ಒಮ್ಮೆ ಕಡಿದು ಮತ್ತೆ ಕೊಟ್ಟಾಗ ಎಂಜಿನ್ ಒಳಗಿನ ವಿದ್ಯುತ್ಕಾಂತವು ಒಂದು ಪುಟ್ಟ ಉರುಳೆಯನ್ನು ಒಂದು ಹೆಜ್ಜೆ ತಿರುಗಿಸುತ್ತದೆ. ಮೊದಲು ಮುಂದಕ್ಕೆ, ಆಮೇಲೆ ನಿಲುಗಡೆ, ಆಮೇಲೆ ಹಿಂದಕ್ಕೆ, ಮತ್ತೆ ನಿಲುಗಡೆ. 1928ರಲ್ಲಿ ಐವ್ಸ್ ದಿವಾಳಿಯಾದಾಗ ಲಯೊನೆಲ್ ಇನ್ನೊಂದು ಕಂಪನಿಯೊಡನೆ ಸೇರಿ ಅದನ್ನು ಕೊಂಡಿತು. ಕೆಲವೇ ವರ್ಷಗಳಲ್ಲಿ ಪೂರ್ತಿ ತನ್ನದಾಗಿಸಿಕೊಂಡಿತು. ಆ ಖರೀದಿಯಲ್ಲಿ ದೊರೆತ ನಿಜವಾದ ಆಸ್ತಿ ಈ ಯುಕ್ತಿಯೇ. 'ಇ-ಯೂನಿಟ್' ಎಂಬ ಹೆಸರಿನಲ್ಲಿ ಅದು ದಶಕಗಟ್ಟಲೆ ಲಯೊನೆಲ್ ಎಂಜಿನ್ನುಗಳೊಳಗೆ ಗುಂಯ್‌ಗುಡುತ್ತಾ ಕೆಲಸ ಮಾಡಿತು.

ದಿವಾಳಿಯ ಅಂಚಿನಲ್ಲಿ

1929ರಲ್ಲಿ ಆರಂಭವಾದ ಆರ್ಥಿಕ ಮಹಾಕುಸಿತ ಆಟಿಕೆಯ ಪೇಟೆಯನ್ನೂ ಬಿಡಲಿಲ್ಲ. ಊಟಕ್ಕೇ ಸಾಲು ನಿಲ್ಲುತ್ತಿದ್ದ ಜನ ದುಬಾರಿ ರೈಲನ್ನು ಕೊಳ್ಳುವುದೆಲ್ಲಿ? 1934ರ ಮೇ ತಿಂಗಳಲ್ಲಿ ಲಯೊನೆಲ್ ನ್ಯಾಯಾಲಯ ನೇಮಿಸಿದ ಆಡಳಿತಗಾರರ ಕೈಗೆ ಹೋಯಿತು. ತಾನು ಕಟ್ಟಿದ ಕಾರ್ಖಾನೆಯಲ್ಲೇ ಕೋವನ್ ಬೇರೆಯವರ ಅಪ್ಪಣೆಗೆ ಕಾಯಬೇಕಾಯಿತು.

ಅದೇ ವರ್ಷದ ಕ್ರಿಸ್‌ಮಸ್‌ಗೆ ಬಂದದ್ದು ಮಿಕ್ಕಿ ಮೌಸ್ ಕೈಬಂಡಿ. ಮಿಕ್ಕಿ ಮತ್ತು ಮಿನ್ನಿ ಎದುರುಬದುರು ನಿಂತು ಸನ್ನೆ ಒತ್ತುತ್ತಾ ಹಳಿಯ ಮೇಲೆ ಸುತ್ತುವ, ಒಂದು ಡಾಲರ್ ಬೆಲೆಯ ಆಟಿಕೆ. ಸುಮಾರು ಎರಡೂವರೆ ಲಕ್ಷ ಬಂಡಿಗಳು ಮಾರಾಟವಾದವು. ಈ ಇಲಿಯೇ ಲಯೊನೆಲ್ಲನ್ನು ಉಳಿಸಿತು ಎಂಬ ಮಾತು ಜನಪ್ರಿಯವಾಯಿತು. ವಾಸ್ತವದಲ್ಲಿ ಆಡಳಿತಗಾರರ ಬಿಗಿ ಲೆಕ್ಕಾಚಾರವೂ, ಅದೇ ವರ್ಷ ಸುದ್ದಿಯಲ್ಲಿದ್ದ ಯೂನಿಯನ್ ಪೆಸಿಫಿಕ್‌ನ ನುಣುಪು ಮೈಯ ಹೊಸ ರೈಲಿನ ಮಾದರಿಯೂ ಅಷ್ಟೇ ನೆರವಾದವು. ವಿಪರ್ಯಾಸವೆಂದರೆ ಆ ಕೈಬಂಡಿ ಕೀಲಿ ಕೊಟ್ಟು ಓಡಿಸುವಂಥದು. ವಿದ್ಯುತ್ತಿಗೇ ಬದುಕು ಮುಡಿಪಿಟ್ಟವನಿಗೆ ಕಷ್ಟಕಾಲದಲ್ಲಿ ಕೈಹಿಡಿದಿದ್ದು ಸ್ಪ್ರಿಂಗು. 1935ರ ಜನವರಿಯಲ್ಲಿ ಕಂಪನಿ ಮತ್ತೆ ಕೋವನ್ನನ ಕೈಗೆ ಬಂತು.

ಒಂದೇ ಹಳಿ, ಎರಡು ಸಂದೇಶ

ಬಂದ ವರ್ಷವೇ ಲಯೊನೆಲ್ ತನ್ನ ಚರಿತ್ರೆಯ ದೊಡ್ಡ ಹೆಜ್ಜೆಗಳಲ್ಲಿ ಒಂದನ್ನು ಇಟ್ಟಿತು. ರೈಲು ಕೂಗಿತು. ಅದೂ ಓಡುತ್ತಿರುವಾಗ, ಹಳಿಯ ಯಾವುದೇ ಭಾಗದಲ್ಲಿ, ದೂರದಲ್ಲಿ ಕುಳಿತ ಹುಡುಗ ಬಯಸಿದ ಗಳಿಗೆಯಲ್ಲಿ.

ಎಂಜಿನ್ನಿನ ಹಿಂದಿರುವ ಕಲ್ಲಿದ್ದಲ ಬಂಡಿಯೊಳಗೆ ಪುಟ್ಟ ಮೋಟಾರು ಮತ್ತು ಗಾಳಿಚಕ್ರ. ಅದು ತಿರುಗಿದರೆ ಗಾಳಿ ಕೊಳವೆಗೆ ನುಗ್ಗಿ ಶಿಳ್ಳೆ ಹೊರಡುತ್ತದೆ. ಕಷ್ಟವಿದ್ದದ್ದು ಆ ಮೋಟಾರಿಗೆ ಆಜ್ಞೆ ತಲುಪಿಸುವುದರಲ್ಲಿ. ಹಳಿಯಲ್ಲಿ ಅದಾಗಲೇ ರೈಲನ್ನು ಓಡಿಸುವ ವಿದ್ಯುತ್ ಹರಿಯುತ್ತಿದೆ. ಇನ್ನೊಂದು ತಂತಿಗೆ ಜಾಗವಿಲ್ಲ. ಲಯೊನೆಲ್ಲಿನ ಎಂಜಿನಿಯರುಗಳು ಕಂಡುಕೊಂಡ ಉಪಾಯ ಸರಳವೂ ಸೊಗಸೂ ಆಗಿತ್ತು. ರೈಲು ಓಡುವುದು ಎ.ಸಿ. ವಿದ್ಯುತ್ತಿನಲ್ಲಿ, ಎಂದರೆ ಸೆಕೆಂಡಿಗೆ ಹಲವು ಬಾರಿ ದಿಕ್ಕು ಬದಲಿಸುವ ಪ್ರವಾಹದಲ್ಲಿ. ಹುಡುಗ ಶಿಳ್ಳೆಯ ಗುಂಡಿ ಒತ್ತಿದಾಗ ಅದರ ಜೊತೆಗೆ ಒಂದಿಷ್ಟು ಡಿ.ಸಿ., ಎಂದರೆ ಒಂದೇ ದಿಕ್ಕಿನ ಪ್ರವಾಹವೂ ಬೆರೆಯುತ್ತದೆ. ಓಡಿಸುವ ಮೋಟಾರು ಎರಡಕ್ಕೂ ಹೊಂದಿಕೊಳ್ಳುವಂಥದಾದ್ದರಿಂದ ತನ್ನ ಪಾಡಿಗೆ ತಿರುಗುತ್ತಿರುತ್ತದೆ. ಕಲ್ಲಿದ್ದಲ ಬಂಡಿಯಲ್ಲಿರುವ ರಿಲೇ ಮಾತ್ರ ಎ.ಸಿ.ಗೆ ಮಿಸುಕದೆ, ಡಿ.ಸಿ. ತಾಗಿದೊಡನೆ ಎಚ್ಚೆತ್ತು ಶಿಳ್ಳೆಯ ಮೋಟಾರಿಗೆ ದಾರಿ ತೆರೆಯುತ್ತದೆ. ಶಿಳ್ಳೆ ಹೊಡೆಯುವಾಗ ರೈಲು ಬಸವಳಿಯದಂತೆ ನಿಯಂತ್ರಕವು ವೋಲ್ಟೇಜನ್ನು ಕೊಂಚ ಏರಿಸುತ್ತಿತ್ತು ಕೂಡ.

ಒಂದೇ ಹಳಿಯಲ್ಲಿ ಶಕ್ತಿಯನ್ನೂ ಸಂದೇಶವನ್ನೂ ಒಟ್ಟಿಗೆ ಕಳಿಸಬಹುದು ಎಂಬ ಈ ತತ್ವವೇ ಮುಂದಿನ ಎಲ್ಲ ಸುಧಾರಣೆಗಳ ಬೀಜ. 1937ರಲ್ಲಿ ನ್ಯೂಯಾರ್ಕ್ ಸೆಂಟ್ರಲ್ ರೈಲ್ವೆಯ ಹಡ್ಸನ್ ಎಂಜಿನ್ನಿನ ಅಚ್ಚುಕಟ್ಟಾದ ಪ್ರತಿರೂಪವನ್ನು 75 ಡಾಲರಿಗೆ ಮಾರಿದ ಕೋವನ್, ಆಟಿಕೆಯ ಅಂಗಡಿಯಿಂದ ದೊಡ್ಡವರ ಹವ್ಯಾಸದ ಲೋಕಕ್ಕೂ ದಾರಿ ಹಾಕಿದ. ಅದೇ ವರ್ಷ ಕಂಪನಿ ತನ್ನ ಷೇರುಗಳನ್ನು ಸಾರ್ವಜನಿಕರಿಗೆ ಮಾರಿತು.

1946ರ ಸಾಹಸ

ಯುದ್ಧ ಬಂದಾಗ, 1942ರಲ್ಲಿ, ಅಮೆರಿಕ ಸರ್ಕಾರ ಲೋಹದ ಆಟಿಕೆಗಳ ತಯಾರಿಕೆಯನ್ನು ನಿಲ್ಲಿಸಿತು. ನ್ಯೂಜೆರ್ಸಿಯಲ್ಲಿದ್ದ ಲಯೊನೆಲ್ ಕಾರ್ಖಾನೆ ನೌಕಾಪಡೆಗೆ ದಿಕ್ಸೂಚಿ ಮೊದಲಾದ ಉಪಕರಣಗಳನ್ನು ಮಾಡಿಕೊಟ್ಟಿತು. ರೈಲಿಲ್ಲದ ಹಬ್ಬವಾಗಬಾರದೆಂದು 1943ರಲ್ಲಿ ರಟ್ಟಿನಿಂದ ಕತ್ತರಿಸಿ ಜೋಡಿಸುವ ಕಾಗದದ ರೈಲನ್ನು ಕೋವನ್ ಮಾರಿದ. ಜೋಡಿಸುವುದೇ ಹರಸಾಹಸವಾಗಿದ್ದ ಆ ಸರಕು ಯಾರಿಗೂ ಹಿಡಿಸಲಿಲ್ಲ.

ಯುದ್ಧ ಮುಗಿದ ಮೇಲೆ ಕೋವನ್ ಅಧ್ಯಕ್ಷ ಪದವಿಯನ್ನು ಮಗ ಲಾರೆನ್ಸ್‌ಗೆ ಬಿಟ್ಟು, ತಾನು ಮಂಡಳಿಯ ಮುಖ್ಯಸ್ಥನಾದ. ಆದರೂ ಎಲ್ಲದರಲ್ಲೂ ಆತನ ಕೈ ಇರುತ್ತಿತ್ತು. 1946ರ ಪಟ್ಟಿಯಲ್ಲಿ ಎಂಜಿನ್ನಿನ ಹೊಗೆಕೊಳವೆಯಿಂದ ನಿಜವಾಗಿ ಹೊಗೆ ಬಂತು. ಜೊತೆಗೆ ಬಂದದ್ದು ಎಲೆಕ್ಟ್ರಾನಿಕ್ ನಿಯಂತ್ರಣದ ರೈಲು.

ಪೆಟ್ಟಿಗೆಯಾಕಾರದ ನಿಯಂತ್ರಕದೊಳಗಿನ ನಿರ್ವಾತ ನಳಿಕೆಯು ರೇಡಿಯೊ ಸಂಕೇತಗಳನ್ನು ಹುಟ್ಟಿಸುತ್ತಿತ್ತು. ಪ್ರತಿ ಗುಂಡಿಗೂ ಒಂದೊಂದು ಬೇರೆ ಆವರ್ತನ. ಸಂಕೇತ ಹಳಿಗೆ ಇಳಿದು ಹರಿಯುತ್ತದೆ. ಎಂಜಿನ್ನಿನ ಹಿಂದಿನ ಬಂಡಿಯಲ್ಲೂ ಪ್ರತಿ ಡಬ್ಬಿಯಲ್ಲೂ ತನ್ನದೇ ಆವರ್ತನಕ್ಕೆ ಶ್ರುತಿಗೊಳಿಸಿದ ಗ್ರಾಹಕವಿದೆ. ರೇಡಿಯೊದಲ್ಲಿ ಒಂದು ಕೇಂದ್ರಕ್ಕೆ ತಿರುಗಿಸಿದಾಗ ಅದಷ್ಟೇ ಕೇಳುವ ಹಾಗೆ, ಯಾವ ಡಬ್ಬಿಗೆ ಆಜ್ಞೆಯೋ ಆ ಡಬ್ಬಿ ಮಾತ್ರ ಓಗೊಡುತ್ತದೆ. ಗುಂಡಿಗೂ ಡಬ್ಬಿಗೂ ಒಂದೇ ಬಣ್ಣದ ಗುರುತು. ಒಂದನ್ನು ಒತ್ತಿದರೆ ಶಿಳ್ಳೆ, ಇನ್ನೊಂದಕ್ಕೆ ಎಂಜಿನ್ ಹಿಂದುಮುಂದು. ಮತ್ತೊಂದಕ್ಕೆ ಬೇಕಾದ ಡಬ್ಬಿಯ ಕೊಂಡಿ ಕಳಚಿ ಅದು ಅಲ್ಲೇ ಉಳಿಯುತ್ತದೆ, ಇನ್ನೊಂದಕ್ಕೆ ಕಲ್ಲಿದ್ದಲ ಡಬ್ಬಿ ವಾಲಿ ಸರಕನ್ನು ಸುರಿಯುತ್ತದೆ. ಇಷ್ಟೆಲ್ಲ ಹಳಿಯ ಯಾವ ಜಾಗದಲ್ಲಾದರೂ ಸಾಧ್ಯ.

ಕಾಲಕ್ಕಿಂತ ಮುಂದಿದ್ದ ವಸ್ತುವಿಗೆ ಕಾಲವೇ ಶತ್ರುವಾಯಿತು. ಬೆಲೆ ಹೆಚ್ಚು. ಗ್ರಾಹಕಗಳ ಶ್ರುತಿ ತಪ್ಪಿದರೆ ಒಂದು ಗುಂಡಿಗೆ ಇನ್ನೊಂದು ಡಬ್ಬಿ ಓಗೊಡುವ ಅಪಾಯ. ಸರಿಪಡಿಸಲು ರೇಡಿಯೊ ರಿಪೇರಿಯವರ ವಿದ್ಯೆಯೇ ಬೇಕು. ಇದರ ನಡುವೆ 1948ರಲ್ಲಿ ಲಯೊನೆಲ್ಲೇ ಅಗ್ಗದ ಇನ್ನೊಂದು ದಾರಿ ಹುಡುಕಿತು. ಹಳಿಯ ಒಂದು ತುಂಡಿನ ನಡುವೆ ವಿದ್ಯುತ್ಕಾಂತ; ಅದರ ಮೇಲೆ ಡಬ್ಬಿ ನಿಲ್ಲಿಸಿ ಗುಂಡಿ ಒತ್ತಿದರೆ ಕಾಂತವು ಕೊಂಡಿಯನ್ನು ಕೆಳಗೆಳೆದು ಬಿಚ್ಚುತ್ತದೆ. ಹಳಿಯ ಆ ಜಾಗದಲ್ಲಿ ಮಾತ್ರ ಸಾಧ್ಯ ಎಂಬ ಕಟ್ಟುಪಾಡಿದ್ದರೂ ಅದು ಗಟ್ಟಿ, ಸುಲಭ. 1949ರ ನಂತರ ಎಲೆಕ್ಟ್ರಾನಿಕ್ ರೈಲು ಪಟ್ಟಿಯಿಂದ ಮರೆಯಾಯಿತು. ಅದನ್ನು ಹಿಮ್ಮೆಟ್ಟಿಸಿದ್ದು ಎದುರಾಳಿಯ ಸರಕಲ್ಲ, ಮನೆಯದೇ ಕಾಂತದ ತುಂಡು.

ಶಿಖರ ಮತ್ತು ಇಳಿಜಾರು

ಸೋಲು ಆ ಹೊತ್ತಿಗೆ ಕಂಪನಿಯನ್ನು ಬಾಧಿಸಲಿಲ್ಲ. 1948ರ ಸಾಂಟಾ ಫೆ ಡೀಸೆಲ್ ಎಂಜಿನ್ ಲಯೊನೆಲ್ಲಿನ ಅತ್ಯಂತ ಜನಪ್ರಿಯ ಮಾದರಿಗಳಲ್ಲಿ ಒಂದಾಯಿತು. ಅದರ ಹಾರ್ನ್‌ಗೆ ಒಳಗೇ ಒಂದು ಟಾರ್ಚ್ ಸೆಲ್. ಅದನ್ನು ಬಾರಿಸುವ ಆಜ್ಞೆ ಮಾತ್ರ 1935ರ ಅದೇ ಡಿ.ಸಿ. ಉಪಾಯ. ಕಂಪನಿಗೆ ಐವತ್ತು ತುಂಬಿದ 1950ರಲ್ಲಿ ಎಂಜಿನ್ನಿನ ಅಚ್ಚುಗಳಿಗೆ ಕಾಂತಶಕ್ತಿ ತುಂಬಿ, ಉಕ್ಕಿನ ಹಳಿಯನ್ನು ಕಚ್ಚಿ ಹಿಡಿಯುವ ಎಂಜಿನ್ನುಗಳು ಬಂದವು. 1953ರಲ್ಲಿ ಮಾರಾಟ 3 ಕೋಟಿ 20 ಲಕ್ಷ ಡಾಲರ್ ದಾಟಿತು. ಲಯೊನೆಲ್ ಜಗತ್ತಿನ ಅತಿ ದೊಡ್ಡ ಆಟಿಕೆ ಕಂಪನಿ ಎನಿಸಿತು.

ಇಳಿಜಾರು ಅಲ್ಲಿಂದಲೇ ಆರಂಭ. ಅಮೆರಿಕನ್ನರು ರೈಲು ಬಿಟ್ಟು ಕಾರು, ವಿಮಾನ ಹತ್ತಿದರು. ಮನೆಗಳಿಗೆ ಟಿ.ವಿ. ಬಂತು. ಹುಡುಗರ ಕನಸಿನಲ್ಲಿ ಉಗಿಬಂಡಿಯ ಜಾಗಕ್ಕೆ ರಾಕೆಟ್ ಏರಿತು. ಚಿಕ್ಕದೂ ಅಗ್ಗವೂ ಆದ 'ಎಚ್‌ಓ' ಅಳತೆಯ ರೈಲುಗಳು ಹವ್ಯಾಸಿಗಳನ್ನು ಸೆಳೆದವು. ಅದುವರೆಗೆ ತಂದೆ-ಮಗನ ಆಟವೆಂದೇ ರೈಲನ್ನು ಮಾರಿದ್ದ ಕಂಪನಿ 1957ರಲ್ಲಿ ಹೆಣ್ಣುಮಕ್ಕಳಿಗಾಗಿ ಗುಲಾಬಿ ಬಣ್ಣದ ಎಂಜಿನ್ ತಂದಿತು. ಆ ರೈಲು ಅಂಗಡಿಗಳಲ್ಲೇ ಧೂಳು ಹಿಡಿಯಿತು. 1958ರಲ್ಲಿ ಕಂಪನಿ ನಷ್ಟ ಕಂಡಿತು.

1959ರಲ್ಲಿ, ಎಂಬತ್ತೆರಡರ ಗಡಿಯಲ್ಲಿ, ಕೋವನ್ ತನ್ನ ಷೇರುಗಳನ್ನು ಮಾರಿದ. ಕೊಂಡ ಗುಂಪಿನ ಮುಂದಾಳು ಸಂಬಂಧದಲ್ಲಿ ಆತನಿಗೆ ಮೊಮ್ಮಗನ ವರಸೆಯ ರಾಯ್ ಕೋನ್. ಸೆನೆಟರ್ ಜೋಸೆಫ್ ಮೆಕಾರ್ಥಿಯ ಕಮ್ಯುನಿಸ್ಟ್ ಬೇಟೆಯಲ್ಲಿ ವಕೀಲನಾಗಿ ಹೆಸರು ಕೆಡಿಸಿಕೊಂಡಿದ್ದವನು. ಲಾರೆನ್ಸ್ ಕೂಡ ಕಂಪನಿಯಿಂದ ಹೊರಗಾದ. ಹೊಸ ಒಡೆತನದಲ್ಲಿ ಸರಕಿನ ಗುಣಮಟ್ಟ ಕುಸಿಯಿತು, ನಷ್ಟ ಬೆಳೆಯಿತು. 1963ರಲ್ಲಿ ಕೋನ್ ಕೂಡ ಹೊರನಡೆದ. ಕೋವನ್ 1965ರ ಸೆಪ್ಟೆಂಬರ್ 8ರಂದು ಫ್ಲಾರಿಡಾದ ಪಾಮ್ ಬೀಚಿನಲ್ಲಿ ತೀರಿಕೊಂಡ. ನಾಲ್ಕು ವರ್ಷಗಳ ಬಳಿಕ ಲಯೊನೆಲ್ ರೈಲುಗಳ ತಯಾರಿಕೆ ಜನರಲ್ ಮಿಲ್ಸ್ ಎಂಬ ಆಹಾರ ಪದಾರ್ಥಗಳ ಕಂಪನಿಯ ಪಾಲಾಯಿತು.

ಮರಳಿ ಬಂದ ಸಂಕೇತ

ಕೋವನ್ನನ ಹೆಸರು ಉಳಿದಂತೆ ವಿಚಾರವೂ ಉಳಿಯಿತು. 1990ರ ದಶಕದಲ್ಲಿ ಲಯೊನೆಲ್ ರೈಲುಗಳಿಗೆ ಹೊಸ ನಿಯಂತ್ರಣ ವ್ಯವಸ್ಥೆ ರೂಪಿಸಲು ಮುಂದಾದವರಲ್ಲಿ ಖ್ಯಾತ ಗಾಯಕ ನೀಲ್ ಯಂಗ್ ಒಬ್ಬರು. ಸೆರೆಬ್ರಲ್ ಪಾಲ್ಸಿಯಿಂದಾಗಿ ಕೈಕಾಲು ಸ್ವಾಧೀನದಲ್ಲಿಲ್ಲದ ತಮ್ಮ ಮಗನೂ ದೊಡ್ಡ ಗುಂಡಿಯೊಂದನ್ನು ಒತ್ತಿ ರೈಲು ಓಡಿಸುವಂತಾಗಬೇಕು ಎಂಬ ಹಂಬಲ ಅವರನ್ನು ಆ ಕೆಲಸಕ್ಕೆ ಹಚ್ಚಿತು. ಆ ದಶಕದ ನಡುವೆ ಮಾರುಕಟ್ಟೆಗೆ ಬಂದ 'ಟ್ರೈನ್‌ಮಾಸ್ಟರ್ ಕಮಾಂಡ್ ಕಂಟ್ರೋಲ್' ವ್ಯವಸ್ಥೆಯಲ್ಲಿ ಕೈಯಲ್ಲಿ ಹಿಡಿಯುವ ರಿಮೋಟಿನ ಆಜ್ಞೆ ಒಂದು ಪೆಟ್ಟಿಗೆಗೆ ತಲುಪಿ, ಅಲ್ಲಿಂದ ರೇಡಿಯೊ ಸಂಕೇತವಾಗಿ ಹಳಿಗೆ ಇಳಿಯುತ್ತದೆ. ಪ್ರತಿ ಎಂಜಿನ್ನಿಗೂ ತನ್ನದೇ ಸಂಖ್ಯೆ. ಕರೆದದ್ದು ಮಾತ್ರ ಓಗೊಡುತ್ತದೆ. 1946ರಲ್ಲಿ ಆವರ್ತನ ಮಾಡುತ್ತಿದ್ದ ಕೆಲಸವನ್ನು ಈಗ ಅಂಕಿ ಮಾಡುತ್ತದೆ. ಶಿಳ್ಳೆಯ ಗಾಳಿಚಕ್ರದ ಜಾಗದಲ್ಲಿ, ನಿಜವಾದ ಎಂಜಿನ್ನುಗಳಿಂದ ಮುದ್ರಿಸಿಕೊಂಡ ಸದ್ದನ್ನು ಹೊತ್ತ ಚಿಪ್ ಮತ್ತು ಸ್ಪೀಕರ್.

ಹಳೆಯ ಲಯೊನೆಲ್ ಎಂಜಿನ್ನುಗಳನ್ನು ಬಿಚ್ಚಿ ಹೊಸ ಎಲೆಕ್ಟ್ರಾನಿಕ್ ಹಲಗೆಗಳನ್ನು ಕೂಡಿಸುವುದು ಅಮೆರಿಕದ ಹವ್ಯಾಸಿಗಳಿಗೆ ಇಂದು ಪ್ರಿಯವಾದ ಕೆಲಸ. ಗುಂಯ್‌ಗುಡುವ ಇ-ಯೂನಿಟ್ ತೆಗೆದು ಸದ್ದಿಲ್ಲದ ಹಲಗೆ ಹಾಕುತ್ತಾರೆ. ಮರೆತು ಬಿಟ್ಟ ಟಾರ್ಚ್ ಸೆಲ್ ಸೋರಿ ತುಕ್ಕು ಹಿಡಿಸಿದ ಡೀಸೆಲ್ ಹಾರ್ನಿನ ಜಾಗವನ್ನು ಉಜ್ಜಿ ಸ್ಪೀಕರ್ ಕೂರಿಸುತ್ತಾರೆ. ಅವರ ಎದುರಿಗೆ ಒಂದು ಧರ್ಮಸಂಕಟವೂ ಇದೆ. ಮೂಲ ಭಾಗಗಳನ್ನು ಕಿತ್ತ ಎಂಜಿನ್ನಿಗೆ ಸಂಗ್ರಾಹಕರ ಪೇಟೆಯಲ್ಲಿ ಬೆಲೆ ಇಳಿಯುತ್ತದೆ. ಹಾಗಾಗಿ ಕೆಲವರು ಕಿತ್ತ ಭಾಗವನ್ನು ಪೊಟ್ಟಣ ಕಟ್ಟಿ ಜೋಪಾನವಾಗಿಡುತ್ತಾರೆ. ಇನ್ನು ಕೆಲವರು ಹಳೆಯದನ್ನು ಮುಟ್ಟುವುದೇ ತಪ್ಪೆನ್ನುತ್ತಾರೆ.

ಕೋವನ್ನನ ಬದುಕನ್ನು ನೋಡಿದರೆ ಆತ ಯಾವ ಪಕ್ಷದವನು ಎಂಬುದರಲ್ಲಿ ಸಂಶಯ ಉಳಿಯದು. ಅಂಗಡಿಯ ಕಿಟಕಿಯ ಬಂಡಿಯಿಂದ ರೇಡಿಯೊ ರೈಲಿನವರೆಗೆ, ತಾನು ಮಾಡಿದ್ದನ್ನು ಇದ್ದ ಹಾಗೆಯೇ ಬಿಟ್ಟವನಲ್ಲ ಆತ. ಎಪ್ಪತ್ತು ಎಂಬತ್ತು ವರ್ಷ ಹಳೆಯ ಎಂಜಿನ್ ಒಂದು ಹೊಸ ಹಲಗೆಯ ನೆರವಿನಿಂದ ಹಳಿಯಲ್ಲಿ ಬಂದ ಸಂಕೇತವನ್ನು ಆಲಿಸಿ ಕೂಗಿದಾಗ, ನೆರವೇರುತ್ತಿರುವುದು 1946ರಲ್ಲಿ ಅರ್ಧಕ್ಕೆ ನಿಂತ ಕೆಲಸವೇ.